ಅಮ್ಮನ ಇಮ್ಯುನಿಟಿ ಜಾಸ್ತಿಯೋ, ಕಡಿಮೆಯೋ?

ಪ್ರಶ್ನೆ: ನಮ್ಮ ಅಮ್ಮನಿಗೆ 54 ವರ್ಷ. ಆರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಆದರೂ ಬೆಳಿಗ್ಗೆ ಎದ್ದು ಎರಡು ಗಂಟೆ ಬೆರಳು ಮಡಚಲು ಆಗುವುದಿಲ್ಲ. ಸಿಆರ್‌ಪಿ ಜಾಸ್ತಿ ಬಂದಿದೆ, ಹಿಮೋಗ್ಲೋಬಿನ್ ಕಡಿಮೆ ಇದೆ. ಈಗ ಡಾಕ್ಟರು ಅಡಾಲಿಮುಮಾಬ್ ಎಂಬ ಇಂಜೆಕ್ಷನ್ ಶುರು ಮಾಡೋಣ, ಅದು ಟಿಎನ್‌ಎಫ್ ಎಂಬ ಸೈಟೋಕೈನನ್ನು ತಡೆಯುತ್ತದೆ ಎಂದಿದ್ದಾರೆ. ಅದಕ್ಕೂ ಮೊದಲು ಟಿಬಿ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಅಮ್ಮನಿಗೆ ಟಿಬಿ ಯಾವತ್ತೂ ಬಂದಿಲ್ಲ. ಇತ್ತ ಚಿಕ್ಕಮ್ಮ, ಇಮ್ಯುನಿಟಿ ಕಡಿಮೆಯಾಗಿದೆ ಎಂದು ದಿನವೂ ಅಮೃತಬಳ್ಳಿ ಕಷಾಯ ಕುಡಿಸುತ್ತಿದ್ದಾರೆ. ಅತ್ತ ಡಾಕ್ಟರು ಇಮ್ಯುನಿಟಿ ತಗ್ಗಿಸುವ ಔಷಧಿ ಕೊಡುತ್ತಿದ್ದಾರೆ. ಯಾರ ಮಾತು ಕೇಳಬೇಕು? ಈ ಸೈಟೋಕೈನ್ ಅಂದರೆ ಏನು? ಅದು ಕೆಟ್ಟದ್ದೇ ಆಗಿದ್ದರೆ ದೇಹ ಅದನ್ನು ಯಾಕೆ ತಯಾರಿಸುತ್ತದೆ? — ಒಬ್ಬ ಓದುಗರು, ಹಾಸನ

ಉತ್ತರ: ಅವಸರದ ವಿಷಯ ಮೊದಲು ಹೇಳಿಬಿಡುತ್ತೇನೆ. ಕಷಾಯವನ್ನು ಇವತ್ತೇ ನಿಲ್ಲಿಸಿ, ಕುಡಿಯುತ್ತಿದ್ದ ವಿಷಯವನ್ನು ಡಾಕ್ಟರಿಗೆ ಮುಚ್ಚಿಡದೆ ತಿಳಿಸಿ. ಟಿಬಿ ಪರೀಕ್ಷೆ ಆಗದೆ ಇಂಜೆಕ್ಷನ್ ಶುರು ಮಾಡಿಸಬೇಡಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ಎನ್ನುವುದು ಮನೆಯವರೆಲ್ಲರಿಗೂ ಗೊತ್ತಿರಲಿ. ಮರೆತು ದಿನಾ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. ನಾನು ಪ್ರಯೋಗಾಲಯದಲ್ಲಿ ರೋಗನಿರೋಧಕ ಕೋಶಗಳ ಮೇಲೆ ಕೆಲಸ ಮಾಡುವವಳು. ಅಮ್ಮನಿಗೆ ಯಾವ ಔಷಧಿ, ಎಷ್ಟು ಎಂಬುದನ್ನು ಅವರನ್ನು ಕಣ್ಣಾರೆ ನೋಡುವ ಡಾಕ್ಟರೇ ತೀರ್ಮಾನಿಸಬೇಕು. ಆದರೆ ಆ ತೀರ್ಮಾನದ ಹಿಂದೆ ಏನಿದೆ ಎಂದು ಹೇಳುವುದು ನನ್ನ ಕೆಲಸಕ್ಕೆ ಸೇರಿದ್ದು, ಅದನ್ನು ಬಿಡಿಸಿ ಹೇಳುತ್ತೇನೆ.

ಜಾಸ್ತಿಯೋ ಕಡಿಮೆಯೋ ಎಂದು ಕೇಳಿದ್ದೀರಿ. ಕೋವಿಡ್ ಬಂದಮೇಲೆ ಎಲ್ಲರೂ ಹೀಗೇ ಕೇಳುತ್ತಾರೆ. ಇಮ್ಯುನಿಟಿ ಎಂಬುದು ರಕ್ತದ ಸಕ್ಕರೆಯ ಹಾಗೆ ಒಂದು ಅಂಕಿ, ಅದನ್ನು ಏರಿಸಬಹುದು ಇಳಿಸಬಹುದು ಎಂಬ ನಂಬಿಕೆ ಬೇರೂರಿದೆ. ಅಂಥ ಒಂದು ಅಂಕಿ ಇಲ್ಲ. ನಮ್ಮ ದೇಹದಲ್ಲಿ ಹತ್ತಾರು ಬಗೆಯ ರೋಗನಿರೋಧಕ ಕೋಶಗಳಿವೆ. ಅವು ಒಂದಕ್ಕೊಂದು ಸುದ್ದಿ ಕಳಿಸಲು ಸಣ್ಣ ಸಣ್ಣ ಪ್ರೋಟೀನುಗಳನ್ನು ಹೊರಬಿಡುತ್ತವೆ. ಅವೇ ಸೈಟೋಕೈನ್. ಒಂದು ಕೋಶ ಬಿಟ್ಟದ್ದು ಇನ್ನೊಂದು ಕೋಶದ ಮೈಮೇಲಿರುವ ರಿಸೆಪ್ಟರಿಗೆ ಹೋಗಿ ಕೂರುತ್ತದೆ. ಆಗ ಆ ಕೋಶ ತನ್ನ ನಡತೆ ಬದಲಿಸುತ್ತದೆ. ಬೆಳೆಯುತ್ತದೆ, ಒಡೆದು ಎರಡಾಗುತ್ತದೆ, ಇದ್ದ ಜಾಗ ಬಿಟ್ಟು ಹೊರಡುತ್ತದೆ, ಕೆಲವೊಮ್ಮೆ ಸಾಯುತ್ತದೆ. ಈ ಸುದ್ದಿ ಬಹುಪಾಲು ಅಕ್ಕಪಕ್ಕದ ಕೋಶಗಳಿಗಷ್ಟೇ, ಅದೂ ಸ್ವಲ್ಪ ಹೊತ್ತಿಗಷ್ಟೇ. ಕೆಲಸ ಮುಗಿದ ಮೇಲೆ ‘ಸಾಕು, ನಿಲ್ಲಿಸಿ’ ಎಂದು ಹೇಳುವ ಸೈಟೋಕೈನುಗಳೂ ಇವೆ. ಹಾಗಾಗಿ ರೋಗದ ವಿಷಯ ಬಂದಾಗ ನಾವು ಕೇಳಬೇಕಾದದ್ದು ಇಷ್ಟು: ಯಾವ ಸುದ್ದಿ, ಯಾವ ಜಾಗದಲ್ಲಿ, ಎಷ್ಟು ಕಾಲ?

ನಿಮ್ಮ ಅಮ್ಮನ ಬೆರಳಿನ ಗೆಣ್ಣುಗಳಲ್ಲಿ ಆಗುತ್ತಿರುವುದನ್ನೇ ನೋಡಿ. ಕೀಲಿನ ಒಳಗೆ ತೆಳ್ಳನೆಯ ಒಂದು ಪದರ ಇರುತ್ತದೆ. ಆರೋಗ್ಯವಂತರಲ್ಲಿ ಅದು ಒಂದೆರಡು ಕೋಶದಷ್ಟು ದಪ್ಪ, ಅಷ್ಟೇ. ಕೀಲು ಸರಾಗವಾಗಿ ಆಡಲು ಬೇಕಾದ ದ್ರವವನ್ನು ಅದೇ ಕೊಡುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ಈ ಪದರಕ್ಕೆ ಟಿ ಕೋಶ, ಬಿ ಕೋಶ, ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ಗುಂಪುಗುಂಪಾಗಿ ನುಗ್ಗುತ್ತವೆ. ಪದರ ಊದಿ ದಪ್ಪವಾಗುತ್ತದೆ. ಹೊಸ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ. ಮ್ಯಾಕ್ರೋಫೇಜ್‌ಗಳು ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-1 ಎಂಬ ಸೈಟೋಕೈನುಗಳನ್ನು ಬಿಡುತ್ತವೆ. ಅದನ್ನು ಕೇಳಿಸಿಕೊಂಡ ಪಕ್ಕದ ಫೈಬ್ರೋಬ್ಲಾಸ್ಟ್ ಕೋಶಗಳು ಇಂಟರ್‌ಲ್ಯೂಕಿನ್-6 ಬಿಡುತ್ತವೆ, ಮೃದ್ವಸ್ಥಿಯನ್ನು ಕರಗಿಸುವ ಎಂಜೈಮ್‌ಗಳನ್ನೂ ಬಿಡುತ್ತವೆ. ಮೂಳೆ ತಿನ್ನುವುದನ್ನೇ ಕಸುಬಾಗಿ ಮಾಡಿಕೊಂಡ ಆಸ್ಟಿಯೋಕ್ಲಾಸ್ಟ್ ಕೋಶಗಳಿಗೂ ಇದರಿಂದ ಹುರುಪು ಬರುತ್ತದೆ. ಎಕ್ಸ್-ರೇಯಲ್ಲಿ ಬೆರಳ ಮೂಳೆಯ ಅಂಚು ಕಚ್ಚಿದಂತೆ ಕಾಣುವುದು ಅವುಗಳಿಂದಲೇ. ಅಲ್ಲಿ ಹೊರಗಿನಿಂದ ಬಂದ ಶತ್ರು ಯಾರೂ ಇಲ್ಲ. ಆದರೂ ಶತ್ರು ಇದ್ದಾನೆಂದೇ ತಿಳಿದು ಕೋಶಗಳು ವರ್ಷಗಟ್ಟಲೆ ಸುದ್ದಿ ಕಳಿಸುತ್ತಲೇ ಇರುತ್ತವೆ.

ಇದು ಅಮ್ಮನ ಉಳಿದ ತೊಂದರೆಗಳಿಗೂ ಉತ್ತರ. ಕೀಲಿನಲ್ಲಿ ಹುಟ್ಟಿದ ಇಂಟರ್‌ಲ್ಯೂಕಿನ್-6 ಅಲ್ಲೇ ಉಳಿಯುವುದಿಲ್ಲ. ರಕ್ತದಲ್ಲಿ ಹರಿದು ಲಿವರ್ ತಲುಪುತ್ತದೆ. ಲಿವರ್ ಆಗ ಸಿಆರ್‌ಪಿ ಎಂಬ ಪ್ರೋಟೀನನ್ನು ಜಾಸ್ತಿ ತಯಾರಿಸುತ್ತದೆ. ನಿಮ್ಮ ಕೈಯಲ್ಲಿರುವ ಲ್ಯಾಬ್ ರಿಪೋರ್ಟು ಹೆಚ್ಚುಕಡಿಮೆ ಇಂಟರ್‌ಲ್ಯೂಕಿನ್-6 ಎಷ್ಟು ಗದ್ದಲ ಮಾಡುತ್ತಿದೆ ಎಂಬುದರ ವರದಿ. ಅದೇ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನೂ ಹೆಚ್ಚಿಸುತ್ತದೆ. ಹೆಪ್ಸಿಡಿನ್ ಏರಿದರೆ ಕರುಳು ಕಬ್ಬಿಣವನ್ನು ಹೀರುವುದು ತಗ್ಗುತ್ತದೆ, ಮ್ಯಾಕ್ರೋಫೇಜ್‌ಗಳ ಒಳಗಿರುವ ಕಬ್ಬಿಣ ಹೊರಗೆ ಬರುವುದಿಲ್ಲ. ಮನೆಯಲ್ಲಿ ಕಾಳು ತುಂಬಿದ್ದೂ ಅಡುಗೆಗೆ ಸಿಗದ ಹಾಗೆ, ದೇಹದಲ್ಲಿ ಕಬ್ಬಿಣ ಇದ್ದೂ ಕೆಂಪು ರಕ್ತಕಣ ತಯಾರಿಸಲು ಸಿಗುವುದಿಲ್ಲ. ಸೊಪ್ಪು, ಖರ್ಜೂರ, ಕಬ್ಬಿಣದ ಮಾತ್ರೆ ಎಲ್ಲ ಕೊಟ್ಟರೂ ಹಿಮೋಗ್ಲೋಬಿನ್ ಏರದೆ ಇದ್ದರೆ ಇದೂ ಒಂದು ಕಾರಣ ಇರಬಹುದು. ಹಾಗೆಂದು ನೀವೇ ಮಾತ್ರೆ ನಿಲ್ಲಿಸಬೇಡಿ. ನಮ್ಮ ಹೆಣ್ಣುಮಕ್ಕಳಲ್ಲಿ ನಿಜವಾದ ಕಬ್ಬಿಣದ ಕೊರತೆಯೂ ಜೊತೆಯಲ್ಲಿ ಇರುವುದು ಸಾಮಾನ್ಯ. ಉರಿಯೂತ ಇರುವಾಗ, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಅಂಕಿ ಸುಳ್ಳಾಗಿ ಮೇಲೇರುವುದರಿಂದ ಎರಡನ್ನೂ ಬೇರ್ಪಡಿಸಿ ನೋಡುವುದು ಡಾಕ್ಟರ ಕೆಲಸ. ದಣಿವು, ಮೈಕೈ ಭಾರ, ಊಟ ಸೇರದಿರುವುದರ ಹಿಂದೆಯೂ ಇವೇ ಸೈಟೋಕೈನುಗಳಿವೆ. ಅಮ್ಮ ‘ಏನೋ ಸುಸ್ತು’ ಎಂದರೆ ಸೋಮಾರಿತನ ಎಂದು ಯಾರೂ ತಿಳಿಯಬಾರದು.

ಇನ್ನು ಟಿಎನ್‌ಎಫ್ ವಿಷಯ. ಇದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ‘ಕೆಟ್ಟದ್ದಾದರೆ ದೇಹ ಯಾಕೆ ತಯಾರಿಸುತ್ತದೆ’ ಎಂಬ ನಿಮ್ಮ ಪ್ರಶ್ನೆಯನ್ನು ವಿಜ್ಞಾನಿಗಳೂ ಬೇರೆ ಬೇರೆ ದಾರಿಯಿಂದ ಬಂದು ಎದುರಿಸಿದ್ದಾರೆ.

ನ್ಯೂಯಾರ್ಕಿನಲ್ಲಿ ಲಾಯ್ಡ್ ಓಲ್ಡ್ ಮತ್ತು ಎಲಿಜಬೆತ್ ಕಾರ್ಸ್‌ವೆಲ್ ಅವರ ತಂಡ 1975ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಇಲಿಗಳಿಗೆ ಬಿಸಿಜಿ ಕೊಟ್ಟರು. ಹೌದು, ನಮ್ಮ ಮಕ್ಕಳ ತೋಳಿಗೆ ಹಾಕುವ ಅದೇ ಬಿಸಿಜಿ. ಆಮೇಲೆ ಬ್ಯಾಕ್ಟೀರಿಯಾದ ಹೊರಕವಚದಲ್ಲಿರುವ ಎಂಡೋಟಾಕ್ಸಿನ್ ಕೊಟ್ಟರು. ಆ ಇಲಿಗಳ ರಕ್ತದಿಂದ ತೆಗೆದ ಸೀರಮ್ಮನ್ನು ಗೆಡ್ಡೆ ಇರುವ ಬೇರೆ ಇಲಿಗಳಿಗೆ ಚುಚ್ಚಿದಾಗ ಗೆಡ್ಡೆ ಕೊಳೆತು ಸತ್ತಿತು. ಸೀರಮ್ಮಿನಲ್ಲಿದ್ದ ಆ ವಸ್ತುವಿಗೆ ‘ಗೆಡ್ಡೆ ಸಾಯಿಸುವ ಅಂಶ’ ಎಂಬ ಅರ್ಥದ ‘ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್’ ಎಂಬ ಹೆಸರಿಟ್ಟರು. ಅದರ ಮೊದಲ ಅಕ್ಷರಗಳೇ ಟಿಎನ್‌ಎಫ್. ಕ್ಯಾನ್ಸರಿಗೆ ಮದ್ದು ಸಿಕ್ಕಿತು ಎಂಬ ಆಸೆ ಎಲ್ಲೆಡೆ ಹಬ್ಬಿತು.

ಅದೇ ಹೊತ್ತಿಗೆ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಆಂಥನಿ ಸೆರಾಮಿ ಬೇರೆಯೇ ಒಂದು ಪ್ರಶ್ನೆ ಹಿಡಿದು ಕೂತಿದ್ದರು. ಟ್ರಿಪನೊಸೋಮ್ ಎಂಬ ಪರಾವಲಂಬಿ ತಗುಲಿದ ಪ್ರಾಣಿಗಳು ಮೂಳೆ ಚಕ್ಕಳವಾಗುವಷ್ಟು ಸೊರಗುವುದು ಯಾಕೆ? ಪ್ರಾಣಿಯ ದೇಹವೇ ತಯಾರಿಸಿದ ಒಂದು ಪ್ರೋಟೀನು ಅದಕ್ಕೆ ಕಾರಣ ಎಂದು ಅವರಿಗೆ ಗೊತ್ತಾಯಿತು. ಅವರ ಜೊತೆಗಿದ್ದ ಬ್ರೂಸ್ ಬ್ಯೂಟ್ಲರ್ ಅದನ್ನು ಶುದ್ಧವಾಗಿ ಬೇರ್ಪಡಿಸಿದರು. 1985ರಲ್ಲಿ ನೋಡಿದರೆ ಅದೂ ಟಿಎನ್‌ಎಫ್ ಆಗಿತ್ತು. ಗೆಡ್ಡೆ ಕರಗಿಸುವುದೂ ಅದೇ, ಮೈ ಕರಗಿಸುವುದೂ ಅದೇ. ಅದೇ ವರ್ಷ ಇದೇ ಗುಂಪು, ಈ ಪ್ರೋಟೀನಿಗೆ ಅಂಟಿಕೊಂಡು ಅದನ್ನು ತಡೆಯುವ ಆಂಟಿಬಾಡಿ ಎಂಬ ಇನ್ನೊಂದು ಪ್ರೋಟೀನನ್ನು ಕೊಟ್ಟರೆ ಎಂಡೋಟಾಕ್ಸಿನ್ ವಿಷದಿಂದ ಇಲಿಗಳು ಬದುಕುತ್ತವೆ ಎಂದು ತೋರಿಸಿತು. ಕ್ಯಾನ್ಸರ್ ರೋಗಿಗಳಿಗೆ ಟಿಎನ್‌ಎಫ್ ಕೊಟ್ಟು ನೋಡಿದಾಗ ಜ್ವರ ಬಂತು, ರಕ್ತದೊತ್ತಡ ಕುಸಿಯಿತು. ಆ ಆಸೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು.

ಇಲ್ಲಿಂದ ಕಥೆ ಲಂಡನ್ನಿಗೆ ಹೋಗುತ್ತದೆ. ಅಲ್ಲಿನ ಕೆನಡಿ ಇನ್‌ಸ್ಟಿಟ್ಯೂಟಿನಲ್ಲಿ ರವೀಂದರ್ ಮೈನಿ ಎಂಬ ಕೀಲುರೋಗ ತಜ್ಞರಿದ್ದರು. ಹುಟ್ಟಿದ್ದು 1937ರಲ್ಲಿ, ಪಂಜಾಬಿನ ಲುಧಿಯಾನದಲ್ಲಿ. ಮೆಲ್ಬರ್ನಿನಲ್ಲಿ ಓದಿ ಬಂದ ಮಾರ್ಕ್ ಫೆಲ್ಡ್‌ಮನ್ ಎಂಬ ಇಮ್ಯುನಾಲಜಿಸ್ಟ್ ಅವರ ಜೊತೆಗೂಡಿದರು. ಒಬ್ಬರ ಬಳಿ ರೋಗಿಗಳು, ಇನ್ನೊಬ್ಬರ ಬಳಿ ಕೋಶಗಳ ತಿಳಿವಳಿಕೆ. ಒಳ್ಳೆಯ ವೈದ್ಯ ಸಂಶೋಧನೆ ಇಂಥ ಜೋಡಿಯಿಂದಲೇ ಹುಟ್ಟುತ್ತದೆ ಎಂದು ನಾನು ನಂಬಿದ್ದೇನೆ. ನಮ್ಮಲ್ಲಿ ಆಸ್ಪತ್ರೆ ಒಂದು ಕಡೆ, ಪ್ರಯೋಗಾಲಯ ಇನ್ನೊಂದು ಕಡೆ ಉಳಿದುಬಿಡುವುದು ನೋಡಿದಾಗ ಬೇಸರವಾಗುತ್ತದೆ.

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರೋಗಿಗಳ ಕೀಲಿನ ಪದರವನ್ನು ತಂದು, ಕೋಶಗಳನ್ನು ಬಿಡಿಸಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಯಾವ ಪ್ರಚೋದನೆಯೂ ಇಲ್ಲದೆ ಆ ಕೋಶಗಳು ಸೈಟೋಕೈನುಗಳನ್ನು ಸುರಿಸುತ್ತಲೇ ಇದ್ದವು. ಒಂದಲ್ಲ, ಎರಡಲ್ಲ, ರಾಶಿ ರಾಶಿ. ಇಲ್ಲೇ ಎಲ್ಲರೂ ಕೈಚೆಲ್ಲಿದ್ದರು. ಇಷ್ಟೊಂದು ಸೈಟೋಕೈನುಗಳಲ್ಲಿ ಒಂದನ್ನು ತಡೆದರೆ ಏನಾದೀತು? ಇನ್ನೊಂದು ಅದರ ಕೆಲಸ ಮಾಡುತ್ತದೆ, ಅಷ್ಟೇ ತಾನೇ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ತಂಡದ ಫಿಯೊನುಲಾ ಬ್ರೆನನ್ ತಟ್ಟೆಗೆ ಟಿಎನ್‌ಎಫ್ ತಡೆಯುವ ಆಂಟಿಬಾಡಿ ಹಾಕಿ ಇಂಟರ್‌ಲ್ಯೂಕಿನ್-1 ಅಳೆದರು. ಅದು ಇಳಿದಿತ್ತು. 1989ರಲ್ಲಿ ಪ್ರಕಟವಾದ ಈ ಫಲಿತಾಂಶ ಸಣ್ಣದಾಗಿ ಕಂಡರೂ ಅದರ ಅರ್ಥ ದೊಡ್ಡದು. ಟಿಎನ್‌ಎಫ್ ಉಳಿದವುಗಳ ಪಕ್ಕದಲ್ಲಿ ನಿಂತಿಲ್ಲ, ಮೇಲೆ ನಿಂತಿದೆ. ಮುಂದೆ ನೋಡಿದಾಗ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 ಮುಂತಾದವೂ ಅದರ ಜೊತೆ ಇಳಿದವು. ಗ್ರೀಸಿನ ಜಾರ್ಜ್ ಕೊಲಿಯಾಸ್ ತಂಡ 1991ರಲ್ಲಿ ಇನ್ನೊಂದು ದಿಕ್ಕಿನಿಂದ ಇದನ್ನೇ ತೋರಿಸಿತು. ಮನುಷ್ಯರ ಟಿಎನ್‌ಎಫ್ ಜೀನನ್ನು ಸೇರಿಸಿ ಅದು ಜಾಸ್ತಿ ತಯಾರಾಗುವ ಹಾಗೆ ಮಾಡಿದ ಇಲಿಗಳಿಗೆ ತಾನಾಗಿಯೇ ಕೀಲುರೋಗ ಬಂತು.

1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಮೊದಲ ಬಾರಿ ರುಮಟಾಯ್ಡ್ ರೋಗಿಗಳಿಗೆ ಈ ಆಂಟಿಬಾಡಿ ಕೊಟ್ಟರು. ಇಪ್ಪತ್ತು ಜನ. ಬೇರೆ ಎಲ್ಲ ಔಷಧಿ ಸೋತು ಬಂದವರು. ಅವರ ನೋವು, ಊತ ಇಳಿಯಿತು, ಸಿಆರ್‌ಪಿಯೂ ಇಳಿಯಿತು. ಆದರೆ ಆ ಪ್ರಯೋಗದಲ್ಲಿ ಎಲ್ಲರಿಗೂ ನಿಜವಾದ ಔಷಧಿಯೇ ಸಿಕ್ಕಿತ್ತು. ಹೊಸ ಔಷಧಿಯ ಮೇಲಿನ ಭರವಸೆಯಿಂದಲೂ ನೋವು ಇಳಿದಂತೆ ಅನ್ನಿಸಬಹುದು ಅಲ್ವಾ? ಹಾಗಾಗಿ ಎರಡನೆಯ ಪ್ರಯೋಗವನ್ನು ಲಂಡನ್, ಲೈಡನ್, ವಿಯೆನ್ನಾ, ಎರ್ಲಾಂಗೆನ್‌ನಲ್ಲಿ ನಡೆಸಿದರು. 73 ರೋಗಿಗಳು, ಯಾರಿಗೆ ಔಷಧಿ ಯಾರಿಗೆ ಬರೀ ನೀರಿನಂಥ ಡ್ರಿಪ್ ಎಂಬುದು ಡಾಕ್ಟರಿಗೂ ಗೊತ್ತಿಲ್ಲ, ರೋಗಿಗೂ ಗೊತ್ತಿಲ್ಲ. ನಾಲ್ಕು ವಾರದ ನಂತರ ಲೆಕ್ಕ ತೆಗೆದರು. ಔಷಧಿ ಇಲ್ಲದ 24 ಜನರಲ್ಲಿ ಗುಣ ಕಂಡದ್ದು 2 ಜನರಿಗೆ. ಕಡಿಮೆ ಡೋಸು ಪಡೆದ 25 ಜನರಲ್ಲಿ 11. ಹೆಚ್ಚಿನ ಡೋಸು ಪಡೆದ 24ರಲ್ಲಿ 19. ಇದು 1994ರ ಮಾತು. ನನ್ನ ವಿದ್ಯಾರ್ಥಿಗಳಿಗೆ ಈ ಮೂರು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ಸುಮ್ನೆ ಸ್ವಲ್ಪ ಹೊತ್ತು ನೋಡಲು ಹೇಳುತ್ತೇನೆ. ಒಂದೇ ಒಂದು ಪ್ರೋಟೀನನ್ನು ಹಿಡಿದಿಟ್ಟದ್ದಕ್ಕೆ ಇಷ್ಟು ಅಂತರ.

ಆ ಆಂಟಿಬಾಡಿ ಇನ್‌ಫ್ಲಿಕ್ಸಿಮಾಬ್. 1998ರಲ್ಲಿ ಕರುಳಿನ ಕ್ರೋನ್ಸ್ ರೋಗಕ್ಕೂ ಮರುವರ್ಷ ರುಮಟಾಯ್ಡ್ ಆರ್ಥ್ರೈಟಿಸ್‌ಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಟಿಎನ್‌ಎಫ್ ತಡೆಯುವ ಇನ್ನೊಂದು ಔಷಧಿ ಎಟನರ್ಸೆಪ್ಟ್ ಕೂಡ 1998ರಲ್ಲೇ ಬಂತು. ನಿಮ್ಮ ಅಮ್ಮನಿಗೆ ಹೇಳಿರುವ ಅಡಾಲಿಮುಮಾಬ್ ಬಂದದ್ದು 2002ರ ಕೊನೆಯಲ್ಲಿ. ಮೈನಿ ಮತ್ತು ಫೆಲ್ಡ್‌ಮನ್‌ರಿಗೆ 2003ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಒಂದು ಮಾತು ಗಮನಿಸಿ. ಮೊದಲ ಪ್ರಯೋಗಗಳಲ್ಲಿ ಔಷಧಿ ನಿಲ್ಲಿಸಿದ ಮೇಲೆ ರೋಗ ಮರಳಿ ಬಂತು. ಈ ಇಂಜೆಕ್ಷನ್ ರೋಗದ ಬೇರು ಕೀಳುವುದಿಲ್ಲ. ಸುದ್ದಿಯನ್ನು ದಾರಿಯಲ್ಲಿ ತಡೆಯುತ್ತದೆ, ಸುದ್ದಿ ಕಳಿಸುವ ಕೋಶಗಳು ಅಲ್ಲೇ ಇರುತ್ತವೆ. ಅಮ್ಮನಿಗೆ ಒಂದೆರಡು ತಿಂಗಳಲ್ಲಿ ಹಾಯೆನಿಸಿದರೆ ‘ವಾಸಿಯಾಯಿತು, ಇನ್ನು ಬೇಡ’ ಎಂದು ನೀವೇ ನಿಲ್ಲಿಸಬಾರದು ಎಂಬುದಕ್ಕೆ ಕಾರಣ ಇದು.

ಈಗ ಟಿಬಿ ಪರೀಕ್ಷೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ. ‘ಅಮ್ಮನಿಗೆ ಟಿಬಿ ಯಾವತ್ತೂ ಬಂದಿಲ್ಲ’ ಎಂದಿದ್ದೀರಿ. ಕಾಯಿಲೆ ಬಂದಿಲ್ಲದಿರಬಹುದು, ಆದರೆ ಕ್ರಿಮಿ ಒಳಗೆ ಇರಬಹುದು. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ದಾಟಿದವರಲ್ಲಿ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರಿಗೆ ಟಿಬಿ ಸೋಂಕು ತಗುಲಿದೆ. ಅವರಲ್ಲಿ ಬಹುಪಾಲು ಜನರಿಗೆ ಜೀವಮಾನದಲ್ಲಿ ಕೆಮ್ಮೂ ಬರುವುದಿಲ್ಲ, ಜ್ವರವೂ ಬರುವುದಿಲ್ಲ. ಯಾಕೆ? ಶ್ವಾಸಕೋಶಕ್ಕೆ ಬಂದ ಟಿಬಿ ಕ್ರಿಮಿಯನ್ನು ಮ್ಯಾಕ್ರೋಫೇಜ್‌ಗಳು ನುಂಗುತ್ತವೆ. ಸಾಯಿಸಲು ಆಗದಿದ್ದರೆ ಅದರ ಸುತ್ತ ಗುಂಪುಗೂಡುತ್ತವೆ, ಅವುಗಳ ಸುತ್ತ ಟಿ ಕೋಶಗಳು ನಿಲ್ಲುತ್ತವೆ. ಗ್ರಾನುಲೋಮ ಎಂಬ ಈ ಗಂಟಿನೊಳಗೆ ಕ್ರಿಮಿ ವರ್ಷಗಟ್ಟಲೆ ಮಿಸುಕದೆ ಬಿದ್ದಿರುತ್ತದೆ. ಈ ಗಂಟು ಚದುರದ ಹಾಗೆ ಕಾಯುವ ಸುದ್ದಿ ಯಾವುದು ಗೊತ್ತೇ? ಟಿಎನ್‌ಎಫ್. ಕೀಲಿನಲ್ಲಿ ಬೇಡದ ಕೆಲಸ ಮಾಡುತ್ತಿರುವ ಅದೇ ಪ್ರೋಟೀನು ಶ್ವಾಸಕೋಶದಲ್ಲಿ ಅಮ್ಮನನ್ನು ಕಾಪಾಡುತ್ತಿರಬಹುದು. ದೇಹ ಅದನ್ನು ಯಾಕೆ ತಯಾರಿಸುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಇದು ಪುಸ್ತಕದ ಮಾತಾಗಿ ಉಳಿಯಲಿಲ್ಲ. ಇನ್‌ಫ್ಲಿಕ್ಸಿಮಾಬ್ ಮಾರುಕಟ್ಟೆಗೆ ಬಂದ ಮೂರೇ ವರ್ಷಕ್ಕೆ, 2001ರಲ್ಲಿ, ಅದನ್ನು ಪಡೆದ 70 ಜನರಿಗೆ ಟಿಬಿ ಬಂದ ವರದಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಔಷಧಿ ಶುರುವಾಗಿ 12 ವಾರದೊಳಗೇ ಬಂದಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಶ್ವಾಸಕೋಶದ ಆಚೆಗೂ ಹರಡಿತ್ತು. ಸಾಮಾನ್ಯ ಟಿಬಿ ಹೀಗೆ ಇರುವುದಿಲ್ಲ. ಗಂಟು ಬಿಚ್ಚಿ ಕ್ರಿಮಿ ಚದುರಿದಾಗಲೇ ಹೀಗಾಗುವುದು. ಅಂದಿನಿಂದ ಈ ಗುಂಪಿನ ಯಾವುದೇ ಔಷಧಿಗೂ ಮೊದಲು ಟಿಬಿ ಪರೀಕ್ಷೆ ಕಡ್ಡಾಯವಾಯಿತು. ಟಿಬಿ ವಿರಳವಾಗಿರುವ ದೇಶಗಳಲ್ಲೇ ಇಷ್ಟು ಎಚ್ಚರ ಇದ್ದರೆ ನಮ್ಮಲ್ಲಿ ಎಷ್ಟಿರಬೇಕು ಯೋಚಿಸಿ.

ಪರೀಕ್ಷೆಯಲ್ಲಿ ಎದೆಯ ಎಕ್ಸ್-ರೇ ಇರುತ್ತದೆ, ಜೊತೆಗೆ ಮಾಂಟೂ ಅಥವಾ ಇಗ್ರಾ. ಮಾಂಟೂ ಎಂದರೆ ಮುಂಗೈ ಚರ್ಮಕ್ಕೆ ಚುಚ್ಚಿ ಎರಡು ಮೂರು ದಿನದ ಮೇಲೆ ಗಂಟು ಅಳೆಯುವುದು. ಬಿಸಿಜಿ ಹಾಕಿಸಿಕೊಂಡವರಲ್ಲಿ ಅದು ಕೆಲವೊಮ್ಮೆ ಸೋಂಕಿಲ್ಲದೆಯೂ ಪಾಸಿಟಿವ್ ಬರುತ್ತದೆ. ಇಗ್ರಾ ರಕ್ತಪರೀಕ್ಷೆ. ಅದೂ ಸೈಟೋಕೈನನ್ನೇ ಅಳೆಯುವುದು ಎಂದರೆ ನಿಮಗೆ ಖುಷಿಯಾಗಬಹುದು. ಅಮ್ಮನ ರಕ್ತಕ್ಕೆ ಟಿಬಿ ಕ್ರಿಮಿಯ ಒಂದೆರಡು ಪ್ರೋಟೀನು ಬೆರೆಸುತ್ತಾರೆ. ಈ ಕ್ರಿಮಿಯನ್ನು ಹಿಂದೆ ಕಂಡು ನೆನಪಿಟ್ಟುಕೊಂಡ ಟಿ ಕೋಶಗಳು ರಕ್ತದಲ್ಲಿದ್ದರೆ ಅವು ಇಂಟರ್‌ಫೆರಾನ್-ಗಾಮಾ ಬಿಡುತ್ತವೆ. ಲ್ಯಾಬಿನವರು ಅದನ್ನು ಅಳೆಯುತ್ತಾರೆ. ಬಿಸಿಜಿಯಲ್ಲಿ ಇಲ್ಲದ ಪ್ರೋಟೀನುಗಳನ್ನು ಬಳಸುವುದರಿಂದ ಬಿಸಿಜಿಯಿಂದ ಇದು ಕೆಡುವುದಿಲ್ಲ. ಆದರೆ ಅಮ್ಮ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಟಿ ಕೋಶಗಳು ಮಂಕಾಗಿ ಎರಡೂ ಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು. ಹಾಗಾಗಿ ಎಲ್ಲ ಮಾತ್ರೆಗಳ ಪಟ್ಟಿ ಕೊಡಿ. ಮನೆಯಲ್ಲಿ, ನೆಂಟರಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ ಎಂದು ನೆನಪು ಮಾಡಿಕೊಂಡು ಹೇಳಿ. ಈ ವಿಷಯದಲ್ಲಿ ನಾಚಿಕೆ ಬೇಡ.

ಪಾಸಿಟಿವ್ ಬಂದರೆ ಗಾಬರಿಯಾಗಬೇಡಿ. ಇಂಜೆಕ್ಷನ್ ಸಿಗುವುದೇ ಇಲ್ಲ ಎಂದು ಅರ್ಥವಲ್ಲ. ಸಕ್ರಿಯ ಟಿಬಿ ಇಲ್ಲವೆಂದು ಖಚಿತಪಡಿಸಿಕೊಂಡು, ಮಲಗಿರುವ ಕ್ರಿಮಿಗೆ ಔಷಧಿ ಶುರು ಮಾಡುತ್ತಾರೆ. ಸಾಮಾನ್ಯವಾಗಿ ಒಂದು ತಿಂಗಳಾದರೂ ಅದನ್ನು ತೆಗೆದುಕೊಂಡ ಮೇಲೆ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಕೊಡುತ್ತಾರೆ, ಟಿಬಿ ಮಾತ್ರೆಯನ್ನೂ ಪೂರ್ತಿ ಮುಗಿಸಬೇಕು. ಇನ್ನೊಂದು ಪ್ರಶ್ನೆಯನ್ನು ನೀವು ಡಾಕ್ಟರಿಗೆ ಕೇಳಬಹುದು. ಬ್ರಿಟನ್ನಿನ ರೋಗಿಗಳ ದಾಖಲೆಗಳಲ್ಲಿ ಎಟನರ್ಸೆಪ್ಟ್ ಪಡೆದವರಿಗಿಂತ ಅಡಾಲಿಮುಮಾಬ್, ಇನ್‌ಫ್ಲಿಕ್ಸಿಮಾಬ್ ಪಡೆದವರಲ್ಲಿ ಟಿಬಿ ಮೂರು ನಾಲ್ಕು ಪಟ್ಟು ಹೆಚ್ಚು ಕಂಡಿತ್ತು. ಎಟನರ್ಸೆಪ್ಟ್ ಆಂಟಿಬಾಡಿ ಅಲ್ಲ, ಟಿಎನ್‌ಎಫ್‌ನ ರಿಸೆಪ್ಟರನ್ನೇ ಔಷಧಿಯಾಗಿ ಮಾಡಿರುವುದು. ಅಮ್ಮನಿಗೆ ಯಾವುದು ಹೊಂದುತ್ತದೆ ಎಂದು ಕೇಳಿ. ಕೇಳಿದ್ದಕ್ಕೆ ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ.

ಒಂದು ರೋಗದಲ್ಲಿ ಗೆದ್ದ ತಡೆ ಇನ್ನೊಂದರಲ್ಲಿ ಸೋಲುತ್ತದೆ ಎಂಬುದೂ ನಿಮಗೆ ತಿಳಿದಿರಲಿ. ರಕ್ತಕ್ಕೆ ನಂಜೇರಿ ಐಸಿಯುನಲ್ಲಿದ್ದವರಿಗೆ ಟಿಎನ್‌ಎಫ್ ತಡೆಯುವ ಔಷಧಿ ಕೊಟ್ಟು ನೋಡಿದರು. ಇಲಿಗಳಲ್ಲಿ ಕಂಡ ಪವಾಡ ಮನುಷ್ಯರಲ್ಲಿ ಕಾಣಲಿಲ್ಲ. ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಟಿಎನ್‌ಎಫ್ ತನ್ನ ಕೆಲಸ ಮುಗಿಸಿರುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ಕಾರಣ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ಟಿಎನ್‌ಎಫ್ ತಡೆದಾಗ ರೋಗ ಇನ್ನೂ ಕೆರಳಿತು. ಅದಕ್ಕೇ ಆ ರೋಗ ಇದ್ದವರಿಗೆ ಇದನ್ನು ಕೊಡುವುದಿಲ್ಲ. ಸೋರಿಯಾಸಿಸ್‌ಗೆ ಒಳ್ಳೆಯ ಫಲ ಕೊಡುವ ಇಂಟರ್‌ಲ್ಯೂಕಿನ್-17 ತಡೆ, ಕ್ರೋನ್ಸ್ ರೋಗದಲ್ಲಿ ಕೆಡುಕು ಮಾಡಿತು. ಕರುಳಿನ ಒಳಪದರ ಗಟ್ಟಿಯಾಗಿ ಉಳಿಯಲು ಆ ಸುದ್ದಿ ಬೇಕಾಗಿತ್ತು. ಇಂಥ ಸೋಲುಗಳನ್ನು ನಾನು ಗೆಲುವಿನಷ್ಟೇ ಗೌರವದಿಂದ ಪಾಠ ಮಾಡುತ್ತೇನೆ. ಯಾವ ಸೈಟೋಕೈನ್ ಎಲ್ಲಿ ಏನು ಮಾಡುತ್ತದೆ ಎಂದು ನಮಗೆ ಕಲಿಸಿದವು ಅವೇ.

ಕೋವಿಡ್ ಕಾಲದಲ್ಲಿ ನಾವೆಲ್ಲ ಇದನ್ನು ಕಣ್ಣಾರೆ ಕಂಡಿದ್ದೇವೆ. ‘ಸೈಟೋಕೈನ್ ಸ್ಟಾರ್ಮ್’ ಎಂಬ ಮಾತು ಟಿವಿಯಲ್ಲಿ ದಿನಾ ಬರುತ್ತಿತ್ತು. ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಸ್ಟಿರಾಯ್ಡ್, ವೆಂಟಿಲೇಟರ್ ಮೇಲಿದ್ದವರ ಸಾವನ್ನು ಸುಮಾರು ಮೂರನೇ ಒಂದು ಭಾಗ ತಗ್ಗಿಸಿತು. ಆಕ್ಸಿಜನ್ನೇ ಬೇಕಿಲ್ಲದವರಿಗೆ ಅದರಿಂದ ಪ್ರಯೋಜನ ಆಗಲಿಲ್ಲ. ಇಂಟರ್‌ಲ್ಯೂಕಿನ್-6 ತಡೆಯುವ ಟೊಸಿಲಿಜುಮಾಬ್‌ನಿಂದ, ಆಕ್ಸಿಜನ್ ಕುಸಿದು ಉರಿಯೂತ ಏರಿದ್ದ ರೋಗಿಗಳಲ್ಲಿ ಸಾವು ಶೇ. 35ರಿಂದ ಶೇ. 31ಕ್ಕೆ ಇಳಿಯಿತು. ಆದರೆ ಜ್ವರ ಬಂದ ದಿನವೇ ಸ್ಟಿರಾಯ್ಡ್ ನುಂಗಿದವರು ನಮ್ಮಲ್ಲಿ ಎಷ್ಟು ಮಂದಿ! 2021ರಲ್ಲಿ ಕರ್ನಾಟಕವೂ ಸೇರಿ ದೇಶದ ಉದ್ದಗಲಕ್ಕೂ ಬ್ಲ್ಯಾಕ್ ಫಂಗಸ್ ಎದ್ದಾಗ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಮತ್ತು ಅಳತೆ ಮೀರಿದ ಸ್ಟಿರಾಯ್ಡ್ ದೊಡ್ಡ ಕಾರಣಗಳಾಗಿದ್ದವು. ಅದೇ ಔಷಧಿ, ಹೊತ್ತು ತಪ್ಪಿತು, ಅಷ್ಟೇ.

ಈಗ ಚಿಕ್ಕಮ್ಮನ ಕಷಾಯ. ಅವರು ಅಕ್ಕನ ಮೇಲಿನ ಪ್ರೀತಿಯಿಂದ ಮಾಡುತ್ತಿದ್ದಾರೆ, ಅದರಲ್ಲಿ ಸಂಶಯವಿಲ್ಲ. ಅವರನ್ನು ಗದರಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಕಾರಣ ಹೇಳಿ. ಅಮೃತಬಳ್ಳಿ ರೋಗನಿರೋಧಕ ಕೋಶಗಳನ್ನು ಕೆಣಕುತ್ತದೆ ಎಂದೇ ಅದನ್ನು ಹೊಗಳುವುದು. ಅಮ್ಮನ ಕೀಲಿನಲ್ಲಿ ಆ ಕೋಶಗಳು ಈಗಾಗಲೇ ಕೆರಳಿ ಕೂತಿವೆ. ಇದಕ್ಕಿಂತ ದೊಡ್ಡ ಚಿಂತೆ ಲಿವರಿನದು. ಮುಂಬೈಯ ಲಿವರ್ ತಜ್ಞರು 2021ರಲ್ಲಿ, ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟ ಆರು ರೋಗಿಗಳ ವರದಿ ಪ್ರಕಟಿಸಿದರು. ದೇಹದ ರೋಗನಿರೋಧಕ ಕೋಶಗಳೇ ಲಿವರನ್ನು ಘಾಸಿಗೊಳಿಸಿದ ಲಕ್ಷಣಗಳು ಅಲ್ಲಿ ಕಂಡವು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಮರುವರ್ಷ ದೇಶದ ಹಲವು ಆಸ್ಪತ್ರೆಗಳ ತಜ್ಞರು ಸೇರಿ 43 ರೋಗಿಗಳ ವಿವರ ಕೊಟ್ಟರು. ಅವರಲ್ಲಿ ಮೊದಲೇ ಆಟೊಇಮ್ಯೂನ್ ತೊಂದರೆ, ಅಂದರೆ ರೋಗನಿರೋಧಕ ಕೋಶಗಳು ತಮ್ಮ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ, ಇದ್ದವರೂ ಇದ್ದರು. ಕುಡಿದವರಿಗೆಲ್ಲ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಅಮ್ಮನಿಗೆ ಆಟೊಇಮ್ಯೂನ್ ಕಾಯಿಲೆ ಇದೆ, ಲಿವರಿಗೆ ಭಾರವಾಗುವ ಮೆಥೊಟ್ರೆಕ್ಸೇಟ್ ನಡೆಯುತ್ತಿದೆ, ಮುಂದೆ ಟಿಬಿ ಮಾತ್ರೆ ಬೇಕಾದರೆ ಅದೂ ಲಿವರಿಗೆ ಭಾರ. ಮೂರರ ಮೇಲೆ ನಾಲ್ಕನೆಯದು ಯಾಕೆ? ಲಿವರಿನ ಸ್ಥಿತಿ ತಿಳಿಸುವ ಎಲ್‌ಎಫ್‌ಟಿ ರಕ್ತಪರೀಕ್ಷೆಯನ್ನು ಈಗಲೇ ಒಮ್ಮೆ ಮಾಡಿಸಿ.

ಇಂಜೆಕ್ಷನ್ ಶುರುವಾದ ಮೇಲೆ ಮೆಥೊಟ್ರೆಕ್ಸೇಟ್ ಬಿಡಬಹುದೇ ಎಂದು ಮುಂದೆ ಕೇಳುತ್ತೀರಿ, ಬಹಳ ಜನ ಕೇಳುತ್ತಾರೆ. ಡಾಕ್ಟರು ಹೇಳುವವರೆಗೆ ಬಿಡಬೇಡಿ. ಅಡಾಲಿಮುಮಾಬ್ ಕೂಡ ಒಂದು ಪ್ರೋಟೀನು. ದೇಹ ಅದನ್ನೂ ಪರಕೀಯ ಎಂದು ಎಣಿಸಿ ಅದರ ವಿರುದ್ಧವೇ ಆಂಟಿಬಾಡಿ ತಯಾರಿಸಬಹುದು. ಆಗ ಔಷಧಿ ಕೆಲಸ ಮಾಡುವುದಿಲ್ಲ. ಜೊತೆಯಲ್ಲಿ ಮೆಥೊಟ್ರೆಕ್ಸೇಟ್ ಇದ್ದರೆ ಇದು ಕಡಿಮೆಯಾಗುತ್ತದೆ ಎಂದು ಮೈನಿಯವರ ತಂಡ 1998ರಲ್ಲಿ ಇನ್‌ಫ್ಲಿಕ್ಸಿಮಾಬ್ ವಿಷಯದಲ್ಲಿ ತೋರಿಸಿತ್ತು. ಖರ್ಚಿನ ಬಗ್ಗೆ ನೀವು ಬರೆದಿಲ್ಲ, ಆದರೆ ಚಿಂತೆ ಇದ್ದೇ ಇರುತ್ತದೆ. ಅಡಾಲಿಮುಮಾಬ್‌ನ ಬಯೋಸಿಮಿಲರ್, ಅಂದರೆ ಅದೇ ಪ್ರೋಟೀನನ್ನು ಬೇರೆ ಕಂಪನಿ ತಯಾರಿಸಿದ್ದು, ಜಗತ್ತಿನಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ನಮ್ಮ ದೇಶದಲ್ಲೇ, 2014ರ ಡಿಸೆಂಬರಿನಲ್ಲಿ, ಜೈಡಸ್‌ನಿಂದ. ಮೂಲ ಔಷಧಿಗಿಂತ ಅಗ್ಗ. ಅದರ ಬಗ್ಗೆ ವಿಚಾರಿಸಿ. ಕೊಡುವುದು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ, ಚರ್ಮದ ಕೆಳಗೆ. ಮನೆಯಲ್ಲೇ ಹಾಕಲು ನೀವು ಕಲಿಯಬಹುದು. ಫ್ರಿಜ್ಜಿನಲ್ಲಿಡಬೇಕು, ಫ್ರೀಜರಿನಲ್ಲಿ ಇಡಬಾರದು.

ಎಲ್ಲರಿಗೂ ಇದು ಫಲಿಸುವುದಿಲ್ಲ ಎಂಬುದನ್ನೂ ಮೊದಲೇ ಹೇಳಬೇಕು. ಸುಮಾರು ಮೂವರಲ್ಲಿ ಒಬ್ಬರಿಗೆ ಸಾಕಷ್ಟು ಗುಣ ಕಾಣುವುದಿಲ್ಲ. ಅವರ ಕೀಲಿನಲ್ಲಿ ಬೇರೆ ಸುದ್ದಿ ಮುಂದಾಳಾಗಿರಬಹುದು. ಅಂಥವರಿಗೆ ಇಂಟರ್‌ಲ್ಯೂಕಿನ್-6 ತಡೆ ಇದೆ, ಬಿ ಕೋಶಗಳನ್ನು ತೆಗೆಯುವ ರಿಟುಕ್ಸಿಮಾಬ್ ಇದೆ, ಹಲವು ಸೈಟೋಕೈನುಗಳ ಸುದ್ದಿ ಕೋಶದ ಒಳಗೆ ದಾಟದಂತೆ ಮಾಡುವ ಟೊಫಾಸಿಟಿನಿಬ್‌ನಂಥ ಮಾತ್ರೆಗಳಿವೆ. ಮಾತ್ರೆ ಸುಲಭ ಎಂದು ಅನ್ನಿಸಬಹುದು. ಆದರೆ 50 ದಾಟಿದ, ಹೃದಯದ ಅಪಾಯ ಇರುವ ರೋಗಿಗಳಲ್ಲಿ ಟಿಎನ್‌ಎಫ್ ತಡೆಗಿಂತ ಟೊಫಾಸಿಟಿನಿಬ್‌ನಲ್ಲಿ ಹೃದಯಾಘಾತದಂಥ ತೊಂದರೆ, ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡಿದೆ. ಸರ್ಪಸುತ್ತು ಕೂಡ ಹೆಚ್ಚು. ಅಮ್ಮನ ವಯಸ್ಸಿಗೆ ಇದು ಗಮನಿಸಬೇಕಾದ ಮಾತು. ಯಾರಿಗೆ ಯಾವುದು ಒಗ್ಗುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ದಿನನಿತ್ಯದ ಬಳಕೆಗೆ ಇನ್ನೂ ಬಂದಿಲ್ಲ. ನನ್ನಂಥವರು ಹಗಲು ರಾತ್ರಿ ತಲೆ ಕೆಡಿಸಿಕೊಂಡಿರುವುದು ಇದಕ್ಕೇ. ಈಗಿನ ಮಟ್ಟಿಗೆ ಮೂರು ತಿಂಗಳ ಹೊತ್ತಿಗೆ ಬೆಳಗಿನ ಬಿಗಿತ, ಊದಿದ ಕೀಲುಗಳ ಎಣಿಕೆ, ಸಿಆರ್‌ಪಿ ನೋಡಿ ತೀರ್ಮಾನಿಸುತ್ತಾರೆ. ಹಾಗಾಗಿ ಬೆಳಿಗ್ಗೆ ಬೆರಳು ಸಡಿಲವಾಗಲು ಎಷ್ಟು ಹೊತ್ತು ಬೇಕಾಯಿತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬನ್ನಿ. ಡಾಕ್ಟರಿಗೆ ಅದು ತುಂಬ ಉಪಯೋಗಕ್ಕೆ ಬರುತ್ತದೆ.

ಔಷಧಿ ನಡೆಯುವಾಗ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕುತ್ತಿಗೆಯಲ್ಲಿ ಗಂಟು ಕಂಡರೆ, ಮೊದಲ ಟಿಬಿ ಪರೀಕ್ಷೆ ನೆಗೆಟಿವ್ ಆಗಿದ್ದರೂ ಕೂಡಲೇ ತೋರಿಸಿ. ಜ್ವರ, ಕೀವು, ಮೂತ್ರದ ಉರಿ ಏನಿದ್ದರೂ ಮುಂದಿನ ಇಂಜೆಕ್ಷನ್ ಹಾಕುವ ಮೊದಲು ಡಾಕ್ಟರಿಗೆ ಫೋನ್ ಮಾಡಿ, ಅವರು ಹಾಕಿ ಎಂದರೆ ಮಾತ್ರ ಹಾಕಿ. ಜೀವಂತ ಲಸಿಕೆಗಳು, ಅಂದರೆ ದುರ್ಬಲಗೊಳಿಸಿದ ಜೀವಂತ ಕ್ರಿಮಿ ಇರುವಂಥವು, ಈಗ ಬೇಡ. ಫ್ಲೂ ಮತ್ತು ನ್ಯುಮೋನಿಯಾದ ಲಸಿಕೆಗಳು ಹಾಗಲ್ಲ, ಅವನ್ನು ಆದಷ್ಟು ಇಂಜೆಕ್ಷನ್ ಶುರುವಾಗುವ ಮೊದಲೇ ಹಾಕಿಸುವ ಬಗ್ಗೆ ಮುಂದಿನ ಭೇಟಿಯಲ್ಲೇ ಕೇಳಿ.